ಹದಿಹರೆಯದ ಮನೋವ್ಯಥೆ ಮತ್ತು ಮಾದಕ ವ್ಯಸನ: ನೆರವನ್ನು ಎಲ್ಲಿ ಅರಸಬೇಕು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡಾಗ, ಅವರು ನಿರೀಕ್ಷಿಸಿದ್ದುದು ಶಾಲೆಯ ಹಳೆಯ ನೆನಪುಗಳನ್ನು. ಮುಳಿಹುಲ್ಲಿನ ಮಾಡಿನ ಕೆಳಗೆ ಆರಂಭವಾದ ತರಗತಿಗಳ ಕಥೆಯನ್ನೂ, ಕನ್ನಡ ವಿಭಾಗಗಳನ್ನು ಉಳಿಸಿಕೊಳ್ಳಲು ಊರವರು ಪಟ್ಟ ಶ್ರಮವನ್ನೂ ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿಯೇ ಬರೆದಿದ್ದಾರೆ. ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಶುಭಾವಸರದಲ್ಲಿ ಇಂಥ ವಿಷಯವೇಕೆ ಎಂದು ಕೆಲವರಿಗಾದರೂ ಅನ್ನಿಸೀತು. ಆದರೆ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಯ ಚಾವಡಿಗೆ ಬಂದು ಕುಳಿತು, ಒಳಗೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನೋಡಿ, ಧ್ವನಿ ತಗ್ಗಿಸಿ ಮಾತನಾಡಿದ ಹಳೆಯ ವಿದ್ಯಾರ್ಥಿಗಳು ಒಬ್ಬಿಬ್ಬರಲ್ಲ. ಅವರೆಲ್ಲರ ಪ್ರಶ್ನೆ ಒಂದೇ: "ಮಾಷ್ಟ್ರೇ, ಮಗ ಹೀಗಾಗಿದ್ದಾನೆ. ಎಲ್ಲಿಗೆ ಕರೆದುಕೊಂಡು ಹೋಗುವುದು?"

ನಾನು ವೈದ್ಯನಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಶಿಕ್ಷಕ ತರಬೇತಿ ಪಡೆದು, ಮಕ್ಕಳ ನಡುವೆ ಆಯುಷ್ಯ ಕಳೆದವನು. ಬಂದವರಿಗೆ ಉತ್ತರ ಹೇಳಬೇಕಾದ ಅಗತ್ಯದಿಂದ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನಿವೇದಿಸಲು ಯತ್ನಿಸಿದ್ದೇನೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

1993ರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಏಳನೆಯ ತರಗತಿಯಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಬಲು ಚುರುಕು. ಆ ವರ್ಷ ಮಳೆಗಾಲ ಕಳೆದ ಮೇಲೆ ಅವನು ತರಗತಿಯಲ್ಲಿ ತೂಕಡಿಸತೊಡಗಿದ. ಕೇಳಿದ ಪ್ರಶ್ನೆಗೆ ಒರಟಾಗಿ ಉತ್ತರಿಸುತ್ತಿದ್ದ. ವಾರದಲ್ಲಿ ಎರಡು ದಿನ ಬಾರದೆ ಉಳಿಯುತ್ತಿದ್ದ. ಒಂದು ಬೆಳಿಗ್ಗೆ ಅವನ ಬಾಯಿಂದ ಸಾರಾಯಿಯ ವಾಸನೆ ಬಂತೆಂದು ಸಹೋದ್ಯೋಗಿಯೊಬ್ಬರು ಅವನನ್ನು ನನ್ನ ಮುಂದೆ ತಂದು ನಿಲ್ಲಿಸಿದರು. ನಾನು ಪ್ರಾರ್ಥನೆಯ ಸಾಲಿನಲ್ಲಿ ಎಲ್ಲ ಮಕ್ಕಳೆದುರು ಅವನಿಗೆ ಬೆತ್ತದಿಂದ ಹೊಡೆದೆ. ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದುದರಿಂದ ಅಜ್ಜನನ್ನು ಕರೆಸಿ, ಶಾಲೆಯ ಶಿಸ್ತಿನ ವಿಚಾರವಾಗಿ ಒಂದು ಸಣ್ಣ ಭಾಷಣವನ್ನೇ ಮಾಡಿ, ಅವರ ಕೈಗೆ ಟಿ.ಸಿ. ಕೊಟ್ಟು ಕಳುಹಿಸಿದೆ. ಶಾಲೆಯ ಹೆಸರು ಉಳಿಯಿತೆಂದು ಅಂದು ನನಗೆ ಸಮಾಧಾನವಾಗಿತ್ತು.

ನಾಲ್ಕು ವರ್ಷಗಳ ಹಿಂದೆ ಆ ಹುಡುಗ, ಈಗ ನಲವತ್ತು ದಾಟಿದ ಗೃಹಸ್ಥ, ನಮ್ಮ ಮನೆಗೆ ಬಂದ. ಆ ವರ್ಷದ ಆಷಾಢದಲ್ಲಿ ಅವನ ಅಣ್ಣ ತೋಟದ ಕೆರೆಯಲ್ಲಿ ಮುಳುಗಿ ತೀರಿಕೊಂಡಿದ್ದನೆಂಬುದು ನನಗೆ ಗೊತ್ತಿತ್ತು. ನಾವು ಶಿಕ್ಷಕರು ಮನೆಗೆ ಹೋಗಿ ಬಂದಿದ್ದೆವು ಕೂಡ. ಆದರೆ ಅಣ್ಣನ ಜೊತೆ ಕೆರೆಯ ದಂಡೆಯಲ್ಲಿ ಇದ್ದವನು ಇವನೇ ಎಂಬುದು, ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ನೀರಿನ ಸದ್ದು ಕೇಳಿಸುತ್ತಿತ್ತೆಂಬುದು, ನಿದ್ದೆ ಬರಲೆಂದು ಅಜ್ಜನ ಬಾಟಲಿಯಿಂದ ಒಂದು ಗುಟುಕು ಕುಡಿಯಲು ಆರಂಭಿಸಿದ್ದನೆಂಬುದು ಗೊತ್ತಿರಲಿಲ್ಲ. ಟಿ.ಸಿ. ಸಿಕ್ಕಿದ ಮೇಲೆ ಅವನು ಮುಂಬಯಿಗೆ ಹೋದ. ಹದಿನೆಂಟು ವರ್ಷ ಕುಡಿದ. 31ನೆಯ ವಯಸ್ಸಿನಲ್ಲಿ ಊರಿಗೆ ಬಂದಾಗ ಹೆಂಡತಿಯೇ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿಯ ವೈದ್ಯರು ಮೊದಲ ದಿನವೇ ಕೇಳಿದ ಪ್ರಶ್ನೆ, "ಕುಡಿಯಲು ಆರಂಭಿಸಿದಾಗ ನಿಮಗೆ ನಿದ್ದೆ ಬರುತ್ತಿತ್ತೇ?" ಎಂದು. "ಆ ಪ್ರಶ್ನೆಯನ್ನು ಏಳನೇ ಕ್ಲಾಸಿನಲ್ಲಿ ಯಾರಾದರೂ ಕೇಳುತ್ತಿದ್ದರೆ ನಾನು ಹೇಳಿಬಿಡುತ್ತಿದ್ದೆ ಮಾಷ್ಟ್ರೇ" ಎಂದ. ದೂರುವ ಧ್ವನಿಯಲ್ಲಿ ಅಲ್ಲ. ಕಾಫಿ ಕುಡಿಯುತ್ತಾ ಸಹಜವಾಗಿ ಹೇಳಿದ. ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ.

ವಯಸ್ಸಿನ ವಿಚಾರ

ಮನೋರೋಗವೆಂಬುದು ದೊಡ್ಡವರ ಕಾಯಿಲೆ, ಸಂಸಾರದ ತಾಪತ್ರಯಗಳಿಂದ ಬರುವಂಥದು ಎಂಬುದು ನಮ್ಮಲ್ಲಿ ರೂಢಿಗತವಾದ ತಿಳುವಳಿಕೆ. ವಾಸ್ತವ ಹಾಗಿಲ್ಲ. ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ಹದಿನಾಲ್ಕನೆಯ ವಯಸ್ಸಿಗೆ ಮೊದಲೇ ಮೊಳಕೆಯೊಡೆದಿರುತ್ತವೆ ಎಂಬುದು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಿಂದ ತಿಳಿದುಬಂದ ಸಂಗತಿ. ಹದಿನಾಲ್ಕಕ್ಕೆ ಮೊದಲು ಎಂದರೆ ನಮ್ಮ ಲೆಕ್ಕದಲ್ಲಿ ಏಳನೆಯ ಎಂಟನೆಯ ತರಗತಿ. ಪ್ರೌಢಶಾಲೆಯಲ್ಲೋ ಕಾಲೇಜಿನಲ್ಲೋ ಮಗು ಕೆಟ್ಟುಹೋಯಿತೆಂದು ನಾವು ಹೇಳುವಾಗ, ಬೇರು ಬಹುಮಟ್ಟಿಗೆ ನಮ್ಮಂಥ ಹಿರಿಯ ಪ್ರಾಥಮಿಕ ಶಾಲೆಯ ಬೆಂಚಿನಲ್ಲಿಯೇ ಇರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಚಿಕಿತ್ಸೆಯೋಗ್ಯ ಮಾನಸಿಕ ತೊಂದರೆಗಳಿರುವುದನ್ನು ಗುರುತಿಸಿತು. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು. ಹಾಜರಿ ಪುಸ್ತಕ ತೆರೆದು ನಾನು ಕಳೆದ ದಿನಗಳನ್ನು ಲೆಕ್ಕ ಹಾಕಿದರೆ, ಪ್ರತಿ ವರ್ಷವೂ ಅಂಥ ಮೂವರ ಹೆಸರನ್ನು ಕರೆದು, ಮುಂದಿನ ಹೆಸರಿಗೆ ಹೋಗಿರಬೇಕು.

ಮಾದಕ ವಸ್ತುಗಳ ಬಗ್ಗೆ ಕೇಂದ್ರ ಸರಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದು ವಿಚಿತ್ರ ಅಂಶವಿದೆ. ಅಂಟು, ದ್ರಾವಕ ಮೊದಲಾದವುಗಳನ್ನು ಮೂಸುವ ಚಟವು ದೊಡ್ಡವರಲ್ಲಿ ಶೇಕಡಾ 0.58 ಇದ್ದರೆ, 10ರಿಂದ 17 ವರ್ಷದವರಲ್ಲಿ ಶೇಕಡಾ 1.17 ಇತ್ತು. ದೊಡ್ಡವರಿಗಿಂತ ಮಕ್ಕಳಲ್ಲೇ ಇಮ್ಮಡಿಯಾಗಿರುವ ಚಟ ಇದು. ಕಾರಣ ಸರಳ. ಅಂಟಿನ ಡಬ್ಬಿ, ಪಂಕ್ಚರ್ ಅಂಗಡಿಯ ದ್ರಾವಕ ಇವುಗಳನ್ನು ಕೊಳ್ಳುವಾಗ ಯಾರೂ ಹುಬ್ಬೇರಿಸುವುದಿಲ್ಲ, ಬೆಲೆಯೂ ಕಡಿಮೆ. ನಮ್ಮ ಕಾಲದಲ್ಲಿ ಬೀಡಿ, ಕಳ್ಳು, ಸಾರಾಯಿಗಳಷ್ಟೇ ಇದ್ದವು. ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಷೇಧವಾಯಿತು, ಕರ್ನಾಟಕದಲ್ಲಿ 2007ರಲ್ಲಿ. ಗುಟ್ಕಾವನ್ನು ಕೇರಳ 2012ರಲ್ಲಿ ನಿಷೇಧಿಸಿತು. ಆ ಜಾಗದಲ್ಲಿ ಗಾಂಜಾ, ನಿದ್ರೆಯ ಮತ್ತು ನೋವಿನ ಮಾತ್ರೆಗಳ ದುರುಪಯೋಗ, ಎಂ.ಡಿ.ಎಂ.ಎ. ಎಂಬ ರಾಸಾಯನಿಕ ಇವುಗಳ ಹೆಸರು ಕಾಸರಗೋಡಿನ ಪತ್ರಿಕೆಗಳಲ್ಲಿ ಈಗ ಪದೇಪದೇ ಕಾಣುತ್ತದೆ.

ವಿವೇಚನೆ, ಸಂಯಮ, ಮುಂದಾಲೋಚನೆಗಳಿಗೆ ಆಧಾರವಾದ ಮೆದುಳಿನ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಉದ್ವೇಗಕ್ಕೆ ಆಸ್ಪದ ಕೊಡುವ ಭಾಗಗಳಾದರೋ ಬೇಗನೆ ಬಲಿಯುತ್ತವೆ. ಎತ್ತುಗಳು ಬಲಿತು ನೊಗ ಇನ್ನೂ ಎಳೆಯದಾಗಿರುವ ಗಾಡಿಯಂತೆ. ಹೀಗೆ ಬೆಳೆಯುತ್ತಿರುವ ಮೆದುಳಿಗೆ ಮಾದಕ ದ್ರವ್ಯ ತಾಗಿದರೆ ಚಟ ಬೇಗ ಹತ್ತುತ್ತದೆ, ಗಟ್ಟಿಯಾಗಿ ಕೂರುತ್ತದೆ. ಹದಿಹರೆಯದಲ್ಲಿಯೇ ಗಾಂಜಾ ಸೇವಿಸತೊಡಗಿದವರಲ್ಲಿ ಮುಂದೆ ಚಿತ್ತಭ್ರಮೆಯ ಕಾಯಿಲೆಗಳು ಕಾಣಿಸಿಕೊಳ್ಳುವ ಅಪಾಯ ಹೆಚ್ಚು ಎಂಬುದನ್ನು ವೈದ್ಯರು ಒಪ್ಪುತ್ತಾರೆ. "ಗಿಡದ ಸೊಪ್ಪು ತಾನೇ, ಸಾಧುಗಳೂ ಸೇದುತ್ತಾರೆ" ಎಂಬ ಮಾತನ್ನು ಮಕ್ಕಳಿಂದ ಮಾತ್ರವಲ್ಲ, ತಂದೆಯರಿಂದಲೂ ಕೇಳಿದ್ದೇನೆ.

ಲಕ್ಷಣಗಳು

ಹದಿಹರೆಯದ ಖಿನ್ನತೆ ದೊಡ್ಡವರ ಖಿನ್ನತೆಯಂತೆ ಕಾಣುವುದಿಲ್ಲ ಎಂಬುದು ಮುಖ್ಯವಾಗಿ ತಿಳಿಯಬೇಕಾದ ವಿಷಯ. ದೊಡ್ಡವರು ಮಂಕಾಗಿ ಕೂರುತ್ತಾರೆ, ಅಳುತ್ತಾರೆ. ಮಕ್ಕಳು ಬಹಳ ಸಲ ಸಿಡಿಮಿಡಿಗೊಳ್ಳುತ್ತಾರೆ, ಎದುರು ಮಾತನಾಡುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಆದ್ದರಿಂದಲೇ ಅದು ನಮ್ಮ ಕಣ್ಣಿಗೆ ಕಾಯಿಲೆಯಾಗಿ ಕಾಣದೆ ಅಹಂಕಾರವಾಗಿ ಕಾಣುತ್ತದೆ. ಇನ್ನು ಕೆಲವು ಮಕ್ಕಳಿಗೆ ಪದೇಪದೇ ತಲೆನೋವು, ಹೊಟ್ಟೆನೋವು. ಸ್ಕ್ಯಾನಿಂಗ್ ಮಾಡಿಸಿದರೆ ಏನೂ ಇಲ್ಲ. ನಿದ್ದೆ, ಊಟಗಳು ಏರುಪೇರಾಗುವುದು, ಇಷ್ಟದ ಆಟ ಅಥವಾ ಯಕ್ಷಗಾನದ ತರಗತಿಯನ್ನು ತಾನಾಗಿ ಬಿಡುವುದು, ಅಂಕಗಳು ಒಮ್ಮೆಲೇ ಕುಸಿಯುವುದು, ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿ ಕೈಯ ಗಾಯಗಳನ್ನು ಮುಚ್ಚಿಕೊಳ್ಳುವುದು ಇವೆಲ್ಲ ಗಮನಿಸತಕ್ಕವು. ಒಂದೆರಡು ದಿನದ ಬೇಜಾರು ಎಲ್ಲರಿಗೂ ಇದ್ದದ್ದೇ. ಎರಡು ವಾರ ಕಳೆದರೂ ಹಾಗೆಯೇ ಮುಂದುವರಿದರೆ ವೈದ್ಯರಿಗೆ ತೋರಿಸಲೇಬೇಕು.

ಚಟದ ವಿಚಾರದಲ್ಲಿ ಮನೆಯಲ್ಲಿ ಹಣ ಕಾಣೆಯಾಗುವುದು, ಕೆಂಪಗಾದ ಕಣ್ಣು, ಹೆಸರು ಹೇಳಲು ಹಿಂಜರಿಯುವ ಹೊಸ ಗೆಳೆಯರು, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನ್ ಕರೆಗಳು ಸೂಚನೆಯಾಗಬಹುದು. ಸೂಚನೆ ಮಾತ್ರ, ಸಾಕ್ಷ್ಯವಲ್ಲ. ಕಣ್ಣು ಕೆಂಪಗಿದೆಯೆಂದು ಹುಡುಗನ ಚೀಲ ಬರಿದುಮಾಡಿ, ಕೆಂಗಣ್ಣಿನ ಸಾಂಕ್ರಾಮಿಕದಲ್ಲಿ ನರಳುತ್ತಿದ್ದವನನ್ನು ಅವಮಾನಿಸಿದ ತಂದೆಯೊಬ್ಬರನ್ನು ನಾನು ಬಲ್ಲೆ.

ಈ ಎರಡು ತೊಂದರೆಗಳನ್ನು ಬೇರೆಬೇರೆಯಾಗಿ ನೋಡುವುದೇ ನಾವು ಮಾಡುವ ದೊಡ್ಡ ತಪ್ಪು. ಮನಸ್ಸಿನ ನೋವನ್ನು ಮರೆಯಲು ಚಟ ಹಿಡಿಯುತ್ತದೆ. ಚಟದಿಂದ ಮನಸ್ಸು ಇನ್ನಷ್ಟು ಕೆಡುತ್ತದೆ. ಒಂದಕ್ಕೆ ಮಾತ್ರ ಔಷಧ ಮಾಡಿದರೆ ಇನ್ನೊಂದು ಅದನ್ನು ಮತ್ತೆ ಎಳೆದು ತರುತ್ತದೆ. ಆದ್ದರಿಂದ ಚಟ ಬಿಡಿಸಲು ಯಾರಲ್ಲಿಗೆ ಹೋದರೂ ಅವರು ಮಗುವಿನ ನಿದ್ದೆ, ದುಃಖ, ಭಯಗಳ ಬಗ್ಗೆ ಕೇಳುತ್ತಾರೆಯೇ ಎಂಬುದನ್ನು ಗಮನಿಸಿರಿ. ಕೇಳದಿದ್ದರೆ ನೀವೇ ಹೇಳಿರಿ.

ಮನೆಯೊಳಗೆ

ಮೊದಲ ನೆರವು ಮನೆಯಲ್ಲಿಯೇ ಸಿಗಬೇಕಾದದ್ದು. ವಿಚಾರಣೆಗೆ ಕುಳ್ಳಿರಿಸಿದಂತೆ ಎದುರುಬದುರು ಕುಳಿತು ಕೇಳಿದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ತೋಟದಲ್ಲಿ ಅಡಿಕೆ ಹೆಕ್ಕುವಾಗ, ಬೈಕಿನಲ್ಲಿ ಹೋಗುವಾಗ, ಅಂದರೆ ಮುಖಕ್ಕೆ ಮುಖ ಕೊಡಬೇಕಾಗಿಲ್ಲದ ಹೊತ್ತಿನಲ್ಲಿ ಮಾತು ತಾನಾಗಿ ಬರುತ್ತದೆ. ಉಪದೇಶವನ್ನು ನಾಲಗೆಯ ತುದಿಯಲ್ಲೇ ತಡೆದುಕೊಳ್ಳುವುದು ಬಲು ಕಷ್ಟ. ನನ್ನಂಥ ಅಧ್ಯಾಪಕರಿಗಂತೂ ಅದೊಂದು ವ್ರತವೇ ಸರಿ. ಬದುಕು ಬೇಡವೆನಿಸಿದೆಯೇ, ಸಾಯಬೇಕೆಂದು ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲು ಹೆತ್ತವರು ಅಂಜುತ್ತಾರೆ, ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂದು. ವೈದ್ಯರ ಅನುಭವ ಇದಕ್ಕೆ ವಿರುದ್ಧವಾಗಿದೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಒಳಗೇ ಬೇಯುತ್ತಿದ್ದ ಮಗುವಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದೆಂಬ ಉತ್ತರ ಬಂದರೆ ಆ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಮ್ಮದು ಕೃಷಿಕರ ಊರು. ಮೈಲುತುತ್ತು, ಕಳೆನಾಶಕ, ಕೀಟನಾಶಕಗಳು ಜಗಲಿಯ ಮೂಲೆಯಲ್ಲೇ ಇರುತ್ತವೆ. ಅವುಗಳನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟು ಕೀಲಿಕೈಯನ್ನು ಹಿರಿಯರು ಇಟ್ಟುಕೊಳ್ಳುವ ಅಷ್ಟು ಸಣ್ಣ ಕೆಲಸದಿಂದ ಉಳಿಯುವ ಜೀವಗಳಿವೆ. ಮನೆಯಲ್ಲಿರುವ ನಿದ್ರೆಯ ಮಾತ್ರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮಗನಿಗೆ ಬುದ್ಧಿ ಹೇಳುವ ತಂದೆಯ ಕೈಯಲ್ಲಿ ಸಂಜೆಯ ಗ್ಲಾಸು ಇರುವುದನ್ನು ಏನೆನ್ನೋಣ? ಬೀಡಿ ತರಲು ಮಗುವನ್ನೇ ಅಂಗಡಿಗೆ ಕಳುಹಿಸುವ ಅಜ್ಜಂದಿರು ಈಗ ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ನಾನೂ ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುತ್ತಿದ್ದವನು. ತರಗತಿಯಲ್ಲಿ ದುಶ್ಚಟಗಳ ಕೆಡುಕನ್ನು ಬೋಧಿಸಿ, ಹೊರಗೆ ಬಂದು ಕಿಟಕಿಯಾಚೆ ಉಗುಳುತ್ತಿದ್ದೆ. ಮಕ್ಕಳು ಎರಡನ್ನೂ ನೋಡುತ್ತಿದ್ದರು.

ಮಾಡಬಾರದ ಕೆಲವು ಕೆಲಸಗಳನ್ನು ಒತ್ತಿ ಹೇಳಬೇಕಾಗಿದೆ. ಗುಟ್ಟಾಗಿ ಸಾರಿಗೋ ಕಾಫಿಗೋ ಬೆರೆಸಿ ಕುಡಿತ ಬಿಡಿಸುವ ಪುಡಿಯೆಂದು ಜಾಹೀರಾತು ಬರುತ್ತದೆ. ಅದರಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಮದ್ಯದೊಡನೆ ಸೇರಿದಾಗ ವಾಂತಿ, ಎದೆಬಡಿತ ಉಂಟುಮಾಡುವ ಡೈಸಲ್ಫಿರಾಂ ಎಂಬ ಔಷಧವೊಂದು ನಿಜಕ್ಕೂ ಇದೆ. ಅದನ್ನು ರೋಗಿಗೆ ತಿಳಿಸಿ, ಪರೀಕ್ಷಿಸಿ ವೈದ್ಯರು ಕೊಡುವಂಥದು. ತಿಳಿಸದೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡನೆಯದಾಗಿ, ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುವ ಪ್ರಯತ್ನ. ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದಾಗ ಕೈಕಾಲು ನಡುಕ, ಅಪಸ್ಮಾರದಂಥ ಸೆಳೆತ, ಬಾಯಿಬಡಬಡಿಕೆ ಕಾಣಿಸಿಕೊಂಡು ಸಾವೂ ಸಂಭವಿಸಬಹುದು. ಬಹಳ ದಿನ ನಿದ್ರೆಯ ಮಾತ್ರೆ ನುಂಗಿದವರಿಗೂ ಹೀಗೆಯೇ. ಬಿಡಿಸುವುದು ವೈದ್ಯರ ಕಣ್ಣೆದುರಿನಲ್ಲಿ ನಡೆಯಬೇಕು.

ಜೋಯಿಸರಲ್ಲಿ ಕೇಳಿಸುವುದು, ದೈವದ ದರ್ಶನದಲ್ಲಿ ಅರಿಕೆ ಮಾಡುವುದು, ನೂಲು ಕಟ್ಟಿಸುವುದು ನಮ್ಮ ಸಂಪ್ರದಾಯ. ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ನಮ್ಮ ಮನೆಯಲ್ಲೂ ನಡೆಯುತ್ತದೆ. ಹರಕೆ ಹೊತ್ತುಕೊಂಡ ಸಂಜೆಯೇ ಆಸ್ಪತ್ರೆಗೂ ಹೋಗಿರಿ ಎಂದಷ್ಟೇ ನನ್ನ ವಿನಂತಿ. ಹರಕೆಯ ಫಲಕ್ಕಾಗಿ ಕಾಯುತ್ತಾ ಕಳೆದುಹೋಗುವ ಆರು ತಿಂಗಳು ಕಾಯಿಲೆ ಬಲಿಯುವ ಆರು ತಿಂಗಳು.

ಎಲ್ಲಿಗೆ ಹೋಗಬೇಕು?

"ಮರ್ಲಿನ ಡಾಕ್ಟ್ರು" ಎಂಬ ಎರಡು ಶಬ್ದ ನಮ್ಮ ಊರಿನಲ್ಲಿ ಎಷ್ಟು ಮಕ್ಕಳನ್ನು ಆಸ್ಪತ್ರೆಯ ಮೆಟ್ಟಿಲಿನಿಂದ ಹಿಂದಕ್ಕೆ ಕಳುಹಿಸಿದೆಯೋ ಹೇಳಲಾರೆ. ಮುಂದೆ ಮದುವೆಗೆ ತೊಡಕಾದೀತೆಂಬ ಭಯ ಹೆಣ್ಣುಮಕ್ಕಳ ವಿಚಾರದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಮನೆಯಿಂದ ಹೊರಗೆ ಕಾಲಿಡದೆಯೇ ಸಿಗುವ ನೆರವನ್ನು ಮೊದಲು ಹೇಳುತ್ತೇನೆ.

ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ. ಹೆಸರು ಹೇಳಲೇಬೇಕೆಂದಿಲ್ಲ. ಆರಂಭದಲ್ಲಿ ತರಬೇತಾದ ಆಪ್ತ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಕರೆ ಮಾಡಿದಾಗ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದೆ, ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಈ ವ್ಯವಸ್ಥೆಯ ಮೇಲ್ವಿಚಾರಣೆಯ ಕೇಂದ್ರ ನಿಮ್ಹಾನ್ಸ್. ಕೇರಳ ಸರಕಾರದ 'ದಿಶಾ' ಆರೋಗ್ಯ ಸಹಾಯವಾಣಿ 1056. ಮಾದಕ ವ್ಯಸನಕ್ಕೆಂದೇ ರಾಷ್ಟ್ರ ಮಟ್ಟದಲ್ಲಿ 14446 ಇದೆ; ಕೇರಳದ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆಯದು 14405. ಮಗುವಿಗೆ ಮನೆಯಲ್ಲಿಯೇ ಹಿಂಸೆಯಿದ್ದರೆ ಮಗುವೇ ಕರೆಯಬಹುದಾದ ಸಂಖ್ಯೆ 1098. ಈ ಪುಟವನ್ನು ಕತ್ತರಿಸಿ ಗೋಡೆಗೆ ಅಂಟಿಸಿದರೂ ಸಂಪಾದಕರು ಬೇಸರಿಸಲಾರರೆಂದು ನಂಬಿದ್ದೇನೆ.

ಮುಂದಿನ ಹೆಜ್ಜೆ ಸಮೀಪದ ಸರಕಾರಿ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಗದಿತ ದಿನಗಳಲ್ಲಿ ಊರ ಕಡೆಯ ಆರೋಗ್ಯ ಕೇಂದ್ರಗಳಿಗೆ ಬಂದು ರೋಗಿಗಳನ್ನು ನೋಡುತ್ತದೆ; ಔಷಧವೂ ಅಲ್ಲೇ ಸಿಗುತ್ತದೆ. ನಮ್ಮ ಆರೋಗ್ಯ ಕೇಂದ್ರಕ್ಕೆ ಯಾವ ದಿನ ಎಂಬುದನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿದರೆ ಸಾಕು. ಕೇರಳದ ಅನೇಕ ಸರಕಾರಿ ಶಾಲೆಗಳಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಮೂಲಕ ನೇಮಕಗೊಂಡ ಆಪ್ತ ಸಮಾಲೋಚಕಿಯರಿದ್ದಾರೆ. ವ್ಯಸನಕ್ಕೆ ಒಳರೋಗಿಯಾಗಿ ಚಿಕಿತ್ಸೆ ಬೇಕಾದರೆ ವಿಮುಕ್ತಿ ಯೋಜನೆಯ ಕೇಂದ್ರ ನಮ್ಮ ಜಿಲ್ಲೆಯಲ್ಲಿ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ.

ಮಂಜೇಶ್ವರ, ಕುಂಬಳೆ ಕಡೆಯವರಿಗೆ ನೀಲೇಶ್ವರಕ್ಕಿಂತ ಮಂಗಳೂರು ಹತ್ತಿರ, ಭಾಷೆಯೂ ಅನುಕೂಲ. ಅಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆಯಿದೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಆದರೆ 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ನಮ್ಮವರು ಪಟ್ಟ ಪಾಡನ್ನು ಮರೆಯಲಾಗದು. ಅಲ್ಲಿ ಚಿಕಿತ್ಸೆ ಪಡೆಯುವವರು ಔಷಧದ ಚೀಟಿಯ ಪ್ರತಿಯೊಂದನ್ನು ನಮ್ಮ ಜಿಲ್ಲೆಯ ವೈದ್ಯರಿಗೂ ತೋರಿಸಿ ಪರಿಚಯ ಇಟ್ಟುಕೊಳ್ಳುವುದು ಕ್ಷೇಮ. ಮಾನಸಿಕ ಕಾಯಿಲೆಯ ಔಷಧವನ್ನು ಒಮ್ಮೆಲೇ ನಿಲ್ಲಿಸಬಾರದು.

ತೊಡಕಿನ ಪ್ರಕರಣಗಳಿಗೆ ನಿಮ್ಹಾನ್ಸ್ ಇದೆ. ಮಕ್ಕಳ ಮತ್ತು ಹದಿಹರೆಯದವರ ಮನೋರೋಗಕ್ಕೆ ಅಲ್ಲಿ ಪ್ರತ್ಯೇಕ ವಿಭಾಗ, ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರ ಇವೆ. 1974ರ ಡಿಸೆಂಬರಿನಲ್ಲಿ ಎರಡು ಸಂಸ್ಥೆಗಳನ್ನು ಕೂಡಿಸಿ ಅದನ್ನು ರೂಪಿಸಿದರು. ನಮ್ಮ ಶಾಲೆಗಿಂತ ಒಂದೇ ವರ್ಷಕ್ಕೆ ಹಿರಿಯದು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಪುಸ್ತಕಗಳು ತೀರಾ ಸರಳವಾಗಿವೆ. ನನ್ನ ತಿಳುವಳಿಕೆಯ ಬಹುಪಾಲು ಆ ಪುಸ್ತಕಗಳ ಋಣ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಕುಡಿತ ಬಿಟ್ಟ ಹಿರಿಯರು ನಮ್ಮ ಕಡೆಯಲ್ಲೂ ಇದ್ದಾರೆ. ಅವು ಮುಖ್ಯವಾಗಿ ಕುಡುಕ ಗೃಹಸ್ಥರಿಗೆಂದು ರೂಪುಗೊಂಡವು. ಗಾಂಜಾ, ಮಾತ್ರೆಗಳ ಚಟ ಹತ್ತಿದ ಹದಿನೈದರ ಹುಡುಗನಿಗೆ ಮೊದಲು ವೈದ್ಯರ ಪರೀಕ್ಷೆಯೇ ಆಗಬೇಕು. ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ಬಗ್ಗೆ ಎಚ್ಚರಿಕೆ ಅಗತ್ಯ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ, ಮನೋವೈದ್ಯರು ನಿಜವಾಗಿ ಬರುತ್ತಾರೆಯೇ, ಮಕ್ಕಳನ್ನು ದೊಡ್ಡವರಿಂದ ಬೇರೆಯಾಗಿ ಇಡುತ್ತಾರೆಯೇ, ಹೆತ್ತವರು ಬೇಕಾದಾಗ ನೋಡಬಹುದೇ ಎಂದು ಕೇಳಿರಿ. ತಿಂಗಳುಗಟ್ಟಲೆ ನೋಡಲು ಬರಬೇಡಿ ಎನ್ನುವ ಕಡೆ ಮಗುವನ್ನು ಬಿಡಬೇಡಿ.

ಭಾಷೆಯ ತೊಡಕಿನ ಬಗ್ಗೆಯೂ ಹೇಳಬೇಕು. ನಮ್ಮ ಮಕ್ಕಳು ಗೆಳೆಯರೊಡನೆ ಮಲಯಾಳವನ್ನು ಸರಾಗವಾಗಿ ಆಡುತ್ತಾರೆ. ಆದರೆ ವೈದ್ಯರು ರೋಗದ ಪೂರ್ವವೃತ್ತಾಂತ ಕೇಳುವುದು ತಾಯಿಯ ಬಳಿ. ಮನೆಯಲ್ಲಿ ಹವ್ಯಕ, ತುಳು, ಕರಾಡ ಮರಾಠಿ ಆಡುವ ತಾಯಿಗೆ "ಮಂಡೆ ಬೆಚ್ಚ" ಎಂಬುದನ್ನು ಮಲಯಾಳದಲ್ಲಿ ಹೇಗೆ ಹೇಳಬೇಕೆಂದು ತಿಳಿಯದೆ, "ಏನೂ ಇಲ್ಲ" ಎಂದುಬಿಡುತ್ತಾಳೆ. ಯಾವಾಗ ಆರಂಭವಾಯಿತು, ನಿದ್ದೆ ಎಷ್ಟು ಗಂಟೆ, ಏನು ಬದಲಾವಣೆ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂಬುದನ್ನು ಮನೆಯಲ್ಲಿಯೇ ಕಾಗದದಲ್ಲಿ ಬರೆದುಕೊಂಡು ಹೋಗುವುದು ಮೇಲು. ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಅದು ಪಕ್ಕದ ಮನೆಯವರಾಗದಿರಲಿ. ಶಾಲೆಯ ಅಧ್ಯಾಪಕರು ಈ ಕೆಲಸಕ್ಕೆ ಹಿಂಜರಿಯಬಾರದು. ನಾನು ಈವರೆಗೆ ಏಳು ಸಲ ಹೋಗಿದ್ದೇನೆ.

ಕಾನೂನಿನ ಭಯ

ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆ, ಮಗು ಜೈಲಿಗೆ ಹೋಗುತ್ತದೆ ಎಂಬ ಅಂಜಿಕೆಯಿಂದ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ರೋಗಿಯ ವಿವರಗಳನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದೂ, ಅದಕ್ಕಾಗಿ ದಂಡಿಸಬಾರದೆಂದೂ ಅದೇ ಕಾಯಿದೆ ಹೇಳುತ್ತದೆ. ಹದಿನೆಂಟರ ಒಳಗಿನವರನ್ನು ಒಳರೋಗಿಯಾಗಿ ಸೇರಿಸಿದರೆ ದೊಡ್ಡವರಿಂದ ಪ್ರತ್ಯೇಕವಾಗಿಡಬೇಕು, ಪೋಷಕರೋ ಅವರು ಗೊತ್ತುಮಾಡಿದವರೋ ಜೊತೆಗಿರಬೇಕು. ಎಲ್ಲರೂ ಹೆದರುವ 'ಶಾಕ್' ಚಿಕಿತ್ಸೆಯನ್ನು ಮಕ್ಕಳಿಗೆ ಪೋಷಕರ ಒಪ್ಪಿಗೆ ಮತ್ತು ಸಂಬಂಧಪಟ್ಟ ಮಂಡಳಿಯ ಅನುಮತಿ ಇಲ್ಲದೆ ಕೊಡುವಂತಿಲ್ಲ. ಸಂಕೋಲೆಯಲ್ಲಿ ಬಂಧಿಸುವುದು ಸಂಪೂರ್ಣ ನಿಷಿದ್ಧ. 1985ರ ಮಾದಕ ದ್ರವ್ಯ ಕಾಯಿದೆಯಲ್ಲಿಯೂ, ಸ್ವಂತ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ತಾನಾಗಿ ಮುಂದೆ ಬಂದು ಸರಕಾರದ ಮಾನ್ಯತೆಯಿರುವ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆಯುಂಟು.

ಕಾನೂನಿಗೆ ಹೆದರಬೇಕಾದವರು ಬೇರೆ ಇದ್ದಾರೆ. ಮಗುವಿಗೆ ಮದ್ಯ, ತಂಬಾಕು ಅಥವಾ ಮಾದಕ ದ್ರವ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯಂತೆ 7 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದು 2003ರ ಕಾಯಿದೆಯಂತೆ ಅಪರಾಧ. ನಮ್ಮ ಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ ಹೆಜ್ಜೆಯಿಂದ ಅಳೆದು ನೋಡಿದ್ದೇನೆ. ಫಲಿತಾಂಶವನ್ನು ಇಲ್ಲಿ ಬರೆಯುವುದಕ್ಕಿಂತ ಪಂಚಾಯತಿಗೆ ಬರೆಯುವುದು ಸೂಕ್ತವೆಂದು ಹಾಗೆಯೇ ಮಾಡಿದ್ದೇನೆ.

ಚಿಕಿತ್ಸೆ ಆರಂಭವಾದ ಮೇಲೆ ಏನನ್ನು ನಿರೀಕ್ಷಿಸಬೇಕೆಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಖಿನ್ನತೆಯ ಮಾತ್ರೆಗಳು ಪರಿಣಾಮ ಬೀರಲು ಕೆಲವು ವಾರಗಳೇ ಬೇಕು. ನಾಲ್ಕು ದಿನ ಕೊಟ್ಟು ಗುಣವಿಲ್ಲವೆಂದು ಬಿಡಬಾರದು. ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ, ಹಲವರಿಗೆ ಮಾತುಕತೆಯ ಚಿಕಿತ್ಸೆಯೇ ಸಾಕಾಗುತ್ತದೆ. ಚಟ ಬಿಟ್ಟವನು ಮತ್ತೊಮ್ಮೆ ಎಡವುವುದು ಸಾಮಾನ್ಯ. ಸಕ್ಕರೆ ಕಾಯಿಲೆಯವರು ಮದುವೆಮನೆಯಲ್ಲಿ ಹೋಳಿಗೆ ತಿಂದು ಮತ್ತೆ ಪಥ್ಯಕ್ಕೆ ಮರಳುವುದನ್ನು ನಾವು ಕ್ಷಮಿಸುತ್ತೇವಲ್ಲ. ಇದನ್ನೂ ಹಾಗೆಯೇ ಕಂಡು ಮತ್ತೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತಂದೆ ಕೊಲ್ಲಿ ದೇಶದಲ್ಲಿ, ತಾಯಿ ಒಬ್ಬಳೇ ಊರಲ್ಲಿ ಎಂಬ ಮನೆಗಳು ನಮ್ಮಲ್ಲಿ ಬಹಳ. ಅಂಥ ತಾಯಂದಿರು ಈ ಹೊರೆಯನ್ನು ಒಂಟಿಯಾಗಿ ಹೊತ್ತು ತಾವೇ ಕಾಯಿಲೆ ಬೀಳುತ್ತಾರೆ. 14416ಕ್ಕೆ ತಮ್ಮ ಸಲುವಾಗಿಯೂ ಅವರು ಕರೆಮಾಡಬಹುದು.

ಕೊನೆಯದಾಗಿ ಹಳೆಯ ವಿದ್ಯಾರ್ಥಿ ಸಂಘದವರಲ್ಲಿ ಒಂದು ಅರಿಕೆ. ಸುವರ್ಣ ಮಹೋತ್ಸವದ ನಿಧಿಯಿಂದ ಹೊಸ ರಂಗಮಂಟಪ ಆಗಲಿದೆಯೆಂದು ತಿಳಿದು ಸಂತೋಷವಾಯಿತು. ವಾಚನಾಲಯದ ಹಿಂದೆ ಹೆಂಚಿನ ಚಿಕ್ಕ ಕೋಣೆಯೊಂದು ಹಲವು ವರ್ಷಗಳಿಂದ ಮುರಿದ ಬೆಂಚುಗಳನ್ನು ತುಂಬಿಕೊಂಡಿದೆ. ಆಟದ ಬಯಲಿನಿಂದ ಕಾಣದಂತೆ ಅದಕ್ಕೊಂದು ಹಿಂಬಾಗಿಲೂ ಇದೆ. ಕನ್ನಡ, ತುಳು ಬಲ್ಲ ಆಪ್ತ ಸಮಾಲೋಚಕರೊಬ್ಬರು ವಾರಕ್ಕೆ ಎರಡು ದಿನ ಅಲ್ಲಿ ಕುಳಿತುಕೊಳ್ಳುವಂತಾದರೆ ಅವರ ಗೌರವಧನದ ಮೊದಲ ಆರು ತಿಂಗಳ ಪಾಲನ್ನು ನನ್ನ ಪಿಂಚಣಿಯಿಂದ ಕೊಡಲು ಸಿದ್ಧನಿದ್ದೇನೆ. ಆ ಕೋಣೆಗೆ ಸುಣ್ಣ ಬಳಿಯುವ ಕೆಲಸವನ್ನು, ಹಿಂದೆ ನಾನು ಟಿ.ಸಿ. ಕೊಟ್ಟು ಕಳುಹಿಸಿದ ಆ ಹಳೆಯ ವಿದ್ಯಾರ್ಥಿ ತಾನೇ ವಹಿಸಿಕೊಳ್ಳುವುದಾಗಿ ಹೇಳಿದ್ದಾನೆ. ಕೀಲಿಕೈ ಈಗಿನ ಮುಖ್ಯೋಪಾಧ್ಯಾಯರ ಬಳಿಯಿದೆ.